ಅಕ್ಷರದ ಹಣ, ಅನ್ನದ ಹಣ: ಅಮೆರಿಕದ ಕನ್ನಡ ಪೋಷಕರಿಗೊಂದು ಬಹಿರಂಗ ಪತ್ರ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿ ಮಕ್ಕಳನ್ನು ಅಲ್ಲಿನ ಕಾಲೇಜುಗಳಿಗೆ ಸೇರಿಸಿರುವ, ಸೇರಿಸಲಿರುವ ಕನ್ನಡ ಪೋಷಕರಿಗೆ, ಹಾಗೂ ಆ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಕೂಟ, ಸಂಘ, ದತ್ತಿಗಳ ಸಮಿತಿಗಳಿಗೆ



ವಿದ್ಯಾರ್ಥಿಯೊಬ್ಬರಿಗೆ ಬಂದ ವಿದ್ಯಾರ್ಥಿವೇತನ, ಸರ್ಕಾರಿ ಅನುದಾನ ಮತ್ತು ಶೈಕ್ಷಣಿಕ ಸಾಲಗಳ ಒಟ್ಟು ಮೊತ್ತವು ಕಾಲೇಜು ನೇರವಾಗಿ ವಸೂಲು ಮಾಡುವ ಶುಲ್ಕವನ್ನು ಮೀರಿದಾಗ, ಮೀರಿದ ಹಣವನ್ನು ಕಾಲೇಜು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಕಳುಹಿಸುತ್ತದೆ. ಬಳಕೆಯ ಮಾತಿನಲ್ಲಿ ಇದಕ್ಕೆ ರೀಫಂಡ್ ಎಂದು ಹೆಸರು. ಹೆಸರೇ ದಾರಿ ತಪ್ಪಿಸುವಂಥದು. ರೀಫಂಡ್ ಎಂದೊಡನೆ ಕೊಟ್ಟ ಹಣ ಮರಳಿ ಬಂತೆಂಬ ಭಾವನೆ ಹುಟ್ಟುತ್ತದೆ, ಆದರೆ ಇಲ್ಲಿ ಬರುತ್ತಿರುವುದು ಕುಟುಂಬ ಕೊಟ್ಟ ಹಣವಲ್ಲ, ಸರ್ಕಾರವೂ ಕಾಲೇಜೂ ಖಾಸಗಿ ದಾನಿಗಳೂ ತಮ್ಮ ತಮ್ಮ ಷರತ್ತಿನ ಮೇಲೆ ಕೊಟ್ಟ ಮತ್ತು ಆ ಷರತ್ತನ್ನು ಇನ್ನೂ ಕಳಚಿಕೊಳ್ಳದ ಹಣ. ಈ ಪತ್ರದ ವಾದ ಇಷ್ಟೇ: ಕನ್ನಡ ಮನೆಗಳಲ್ಲಿ ‘ಉಳಿದ ದುಡ್ಡು’ ಎಂದು ಕರೆಯಲಾಗುವ ವಸ್ತು ಅಮೆರಿಕದ ಕಾನೂನಿನಲ್ಲಿ ಇಲ್ಲ. ಅಲ್ಲಿ ಅದೇ ಡಾಲರು ತೆರಿಗೆ ಇಲಾಖೆಯ ಕಡತದಲ್ಲಿ ಒಂದು ಹೆಸರನ್ನೂ, ಫೆಡರಲ್ ನೆರವಿನ ಅರ್ಜಿಯಲ್ಲಿ ಇನ್ನೊಂದನ್ನೂ, ಕಾಲೇಜಿನ ನೆರವಿನ ಕಚೇರಿಯಲ್ಲಿ ಮತ್ತೊಂದನ್ನೂ, ದಾನಿಯ ಮಂಜೂರಾತಿ ಪತ್ರದಲ್ಲಿ ನಾಲ್ಕನೆಯದೊಂದನ್ನೂ ಹೊತ್ತಿರುತ್ತದೆ, ಮತ್ತು ಈ ನಾಲ್ಕು ಹೆಸರುಗಳು ಒಂದಕ್ಕೊಂದು ಹೊಂದಿಕೊಳ್ಳಲೇಬೇಕೆಂಬ ನಿಯಮವೇನೂ ಇಲ್ಲ.

ಕನ್ನಡ ಪೋಷಕರು ಇದನ್ನು ಅರ್ಥ ಮಾಡಿಕೊಳ್ಳಲು ತಡವರಿಸುವುದಕ್ಕೆ ಕಾರಣ ಅವರ ಅಜಾಗರೂಕತೆಯಲ್ಲ, ಅವರು ಬೆಳೆದ ನೆಲದ ಅನುಭವ. ಭಾರತದ 1961ರ ಆದಾಯ ತೆರಿಗೆ ಕಾಯ್ದೆಯ 10(16)ನೆಯ ಕಲಮು ಶಿಕ್ಷಣದ ವೆಚ್ಚಕ್ಕೆಂದು ಕೊಟ್ಟ ವಿದ್ಯಾರ್ಥಿವೇತನಕ್ಕೆ ತೆರಿಗೆ ವಿನಾಯಿತಿ ನೀಡುವಾಗ, ಬೋಧನಾ ಶುಲ್ಕ ಯಾವುದು, ಹಾಸ್ಟೆಲಿನ ಊಟ ಯಾವುದು ಎಂದು ಬಿಡಿಸಿ ಕೇಳುತ್ತಿರಲಿಲ್ಲ. ಕಾಯ್ದೆಗಿಂತ ಹಳೆಯದಾದ ಸಂಪ್ರದಾಯವೂ ಅದೇ: ವಾರಾನ್ನದ ಮನೆಗಳಲ್ಲಿ ಉಂಡು ಓದಿದ ತಲೆಮಾರಿಗಾಗಲಿ, ಅನ್ನ, ಆಶ್ರಯ, ಅಕ್ಷರಗಳನ್ನು ಒಂದೇ ದಾಸೋಹವಾಗಿ ಕಂಡ ತುಮಕೂರಿನ ಸಿದ್ಧಗಂಗಾ ಮಠದಂಥ ಸಂಸ್ಥೆಗಳಿಗಾಗಲಿ, ಹಸಿದ ಹೊಟ್ಟೆಯ ವಿದ್ಯಾರ್ಥಿಗೆ ಬಡಿಸಿದ ಮುದ್ದೆ ಅವನ ಓದಿಗೆ ಸೇರಿದ್ದಲ್ಲ ಎಂಬ ಯೋಚನೆ ಬರುವುದು ಸಾಧ್ಯವೇ ಇರಲಿಲ್ಲ. ಅಮೆರಿಕದ ತೆರಿಗೆ ಕಾನೂನು ಗೆರೆ ಎಳೆಯುವುದು ಸರಿಯಾಗಿ ಇಲ್ಲಿಯೇ. ಅದರ ಕಣ್ಣಿಗೆ ಅಕ್ಷರದ ಹಣ ಬೇರೆ, ಅನ್ನದ ಹಣ ಬೇರೆ.

ಆ ಗೆರೆ ಇರುವುದು ಅಲ್ಲಿನ ಆಂತರಿಕ ಕಂದಾಯ ಸಂಹಿತೆಯ 117ನೆಯ ಕಲಮಿನಲ್ಲಿ. ಪದವಿಗಾಗಿ ಓದುತ್ತಿರುವ ವಿದ್ಯಾರ್ಥಿಯು ವಿದ್ಯಾರ್ಥಿವೇತನದ ಹಣವನ್ನು ಬೋಧನಾ ಶುಲ್ಕಕ್ಕೆ, ಕಡ್ಡಾಯ ಶುಲ್ಕಗಳಿಗೆ, ಮತ್ತು ಆ ಕೋರ್ಸಿನ ಎಲ್ಲ ವಿದ್ಯಾರ್ಥಿಗಳಿಗೂ ಅಗತ್ಯವೆಂದು ನಿಗದಿಯಾದ ಪುಸ್ತಕ, ಸಾಮಗ್ರಿ, ಉಪಕರಣಗಳಿಗೆ ಬಳಸಿದರೆ ಆ ಭಾಗಕ್ಕೆ ತೆರಿಗೆಯಿಲ್ಲ. ವಸತಿ, ಊಟ, ಪ್ರಯಾಣ ಮತ್ತು ಐಚ್ಛಿಕ ವಸ್ತುಗಳಿಗೆ ಹೋದ ಭಾಗ ವಿದ್ಯಾರ್ಥಿಯ ಆದಾಯವೆಂದು ಪರಿಗಣಿತವಾಗುತ್ತದೆ. ಹಿಂದೆ ಪದವಿ ವಿದ್ಯಾರ್ಥಿಗೆ ಊಟ ವಸತಿಯ ಹಣಕ್ಕೂ ವಿನಾಯಿತಿ ಇತ್ತು. ಈಗಿನ ಸಂಕುಚಿತ ವ್ಯಾಖ್ಯೆ 1986ರ ತೆರಿಗೆ ಸುಧಾರಣಾ ಕಾಯ್ದೆಯ ಫಲ. ಹಾಗಾಗಿ ಒಂದೇ ಮಾದರಿಯ ಲ್ಯಾಪ್‌ಟಾಪು, ಕೋರ್ಸಿನ ಪಠ್ಯಕ್ರಮದಲ್ಲಿ ಕಡ್ಡಾಯವೆಂದು ಬರೆದಿದ್ದರೆ ಅಕ್ಷರದ ಕಡೆಗೂ, ಬರೆದಿಲ್ಲದಿದ್ದರೆ ಐಷಾರಾಮದ ಕಡೆಗೂ ಸರಿಯುತ್ತದೆ. ಬಡ ವಿದ್ಯಾರ್ಥಿಗಳಿಗೆಂದೇ ಇರುವ ಪೆಲ್ ಅನುದಾನವೂ ಈ ಗೆರೆಯಿಂದ ಹೊರತಲ್ಲ. ಶುಲ್ಕ ತೀರಿ ಉಳಿದ ಪೆಲ್ ಹಣದಲ್ಲಿ ಊಟ ಮಾಡಿದ ವಿದ್ಯಾರ್ಥಿಯ ಆ ಊಟವೂ ಕಾನೂನಿನ ಭಾಷೆಯಲ್ಲಿ ಆದಾಯ.

ಆದಾಯವೆಂದ ಮಾತ್ರಕ್ಕೆ ತೆರಿಗೆ ಬಿದ್ದೇ ಬೀಳುತ್ತದೆ ಎಂದು ಹೆದರಬೇಕಿಲ್ಲ. ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ. ಉದಾಹರಣೆಗೆ, ಬೋಧನಾ ಮತ್ತು ಕಡ್ಡಾಯ ಶುಲ್ಕ, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 14,000 ಡಾಲರ್, ವಸತಿ ಮತ್ತು ಊಟಕ್ಕೆ 13,000, ಪ್ರಯಾಣ ಮತ್ತಿತರ ಖರ್ಚಿಗೆ 3,000, ಹೀಗೆ ಒಟ್ಟು 30,000 ಡಾಲರ್ ವೆಚ್ಚವಾಗುವ ಕಾಲೇಜೊಂದನ್ನು ಊಹಿಸಿಕೊಂಡು, ವಿದ್ಯಾರ್ಥಿನಿಗೆ 20,000 ಡಾಲರ್ ವಿದ್ಯಾರ್ಥಿವೇತನ ದೊರೆತಿದೆ ಎಂದಿಟ್ಟುಕೊಳ್ಳಬಹುದು. 14,000 ಅಕ್ಷರಕ್ಕೆ ಹೋದ ಮೇಲೆ ಉಳಿದ 6,000 ಅನ್ನಕ್ಕೆ ಹೋಗುತ್ತದೆ, ಅಂದರೆ ಅದು ಆಕೆಯ ಆದಾಯ. ಆದರೆ ಪೋಷಕರ ಅವಲಂಬಿತಳಾದ ವಿದ್ಯಾರ್ಥಿನಿಗೂ ಒಂದು ಪ್ರಮಾಣಿತ ಕಡಿತವಿದೆ: ಆಕೆಯ ದುಡಿಮೆಯ ಆದಾಯಕ್ಕೆ 450 ಡಾಲರ್ ಸೇರಿಸಿದಷ್ಟು ಮೊತ್ತಕ್ಕೆ, 2025ರ ತೆರಿಗೆ ವರ್ಷದಲ್ಲಿ 15,750 ಡಾಲರಿನ ಮಿತಿಯವರೆಗೆ, ತೆರಿಗೆ ಬರುವುದಿಲ್ಲ, ಈ ಲೆಕ್ಕಕ್ಕೆ ತೆರಿಗೆಗೊಳಪಡುವ ವಿದ್ಯಾರ್ಥಿವೇತನವನ್ನು ದುಡಿಮೆಯ ಆದಾಯವೆಂದೇ ಭಾವಿಸಲಾಗುತ್ತದೆ. ಬೇರೆ ಸಂಪಾದನೆ ಇಲ್ಲದಿದ್ದರೆ ಆಕೆಯ ಫೆಡರಲ್ ತೆರಿಗೆ ಸೊನ್ನೆ.

ಇದೇ ಹಣಕ್ಕೆ ಇನ್ನೊಂದು ಕಲಮಿನಲ್ಲಿ ತದ್ವಿರುದ್ಧ ಹೆಸರಿರುವುದು ಕಾನೂನಿನ ವಿಚಿತ್ರ. ಸಾಮಾನ್ಯರ ಬಾಯಲ್ಲಿ ‘ಕಿಡ್ಡಿ ಟ್ಯಾಕ್ಸ್’ ಎಂದು ಪ್ರಸಿದ್ಧವಾದ ನಿಯಮದ ಪ್ರಕಾರ, 24 ವರ್ಷ ತುಂಬದ ಮತ್ತು ತನ್ನ ದುಡಿಮೆಯಿಂದ ತನ್ನ ಪೋಷಣೆಯ ಅರ್ಧಕ್ಕಿಂತ ಹೆಚ್ಚನ್ನು ಭರಿಸದ ಪೂರ್ಣಾವಧಿ ವಿದ್ಯಾರ್ಥಿಯ ದುಡಿಯದ ಆದಾಯವು 2025ರಲ್ಲಿ 2,700 ಡಾಲರನ್ನು ಮೀರಿದರೆ, ಮೀರಿದ್ದಕ್ಕೆ ಪೋಷಕರ ದರದಲ್ಲಿ ತೆರಿಗೆ ಬೀಳುತ್ತದೆ; ಮತ್ತು ಇಲ್ಲಿ ತೆರಿಗೆಗೊಳಪಡುವ ವಿದ್ಯಾರ್ಥಿವೇತನವು ‘ದುಡಿಯದ ಆದಾಯ’. ಒಂದು ಪುಟದಲ್ಲಿ ದುಡಿಮೆ, ಮಗ್ಗುಲ ಪುಟದಲ್ಲಿ ದುಡಿಮೆಯಲ್ಲ. ಸಾಫ್ಟ್‌ವೇರ್ ಸಂಬಳದ ಪೋಷಕರ ಮಗನೊಬ್ಬ ಬೇಸಗೆಯ ಇಂಟರ್ನ್‌ಶಿಪ್ಪಿನಲ್ಲಿ ದುಡಿದು ಪ್ರಮಾಣಿತ ಕಡಿತದ ಮಿತಿಯನ್ನು ತಲುಪಿದ ವರ್ಷದಲ್ಲಿ, ಊಟಕ್ಕೆ ಬಳಸಿದ ವಿದ್ಯಾರ್ಥಿವೇತನದ ಮೇಲೆ ತಂದೆ ತಾಯಿಯ ದರದಲ್ಲಿ ತೆರಿಗೆ ಕಟ್ಟುವಂತಾಗುವುದು ಹೀಗೆ.

ಇನ್ನು, ಅನ್ನದ ಹಣವನ್ನು ಉದ್ದೇಶಪೂರ್ವಕವಾಗಿ ಹೆಚ್ಚಿಸಿಕೊಳ್ಳುವುದೇ ಲಾಭಕರವಾಗುವ ಸಂದರ್ಭವೊಂದಿದೆ, ಮತ್ತು ಮಧ್ಯಮ ಆದಾಯದ ಕುಟುಂಬಗಳು ಕಳೆದುಕೊಳ್ಳುವ ಹಣದ ದೊಡ್ಡ ಪಾಲು ಇರುವುದು ಅಲ್ಲಿಯೇ. ‘ಅಮೆರಿಕನ್ ಆಪರ್ಚುನಿಟಿ’ ಎಂಬ ಹೆಸರಿನ ತೆರಿಗೆ ರಿಯಾಯಿತಿಯು, ಪದವಿಯ ಮೊದಲ ನಾಲ್ಕು ವರ್ಷಗಳಲ್ಲಿ ಕುಟುಂಬವು ಶುಲ್ಕ ಮತ್ತು ಪುಸ್ತಕಗಳಿಗೆ ವ್ಯಯಿಸಿದ ಮೊದಲ 2,000 ಡಾಲರಿಗೆ ಪೂರ್ಣವಾಗಿಯೂ, ಮುಂದಿನ 2,000 ಡಾಲರಿಗೆ ಶೇ. 25ರಂತೆಯೂ, ಹೀಗೆ ಗರಿಷ್ಠ 2,500 ಡಾಲರನ್ನು ಪೋಷಕರ ತೆರಿಗೆಯಿಂದಲೇ ಕಳೆಯುತ್ತದೆ. ತೆರಿಗೆರಹಿತ ವಿದ್ಯಾರ್ಥಿವೇತನದಿಂದ ಕಟ್ಟಿದ ಶುಲ್ಕಕ್ಕೆ ಮಾತ್ರ ಈ ರಿಯಾಯಿತಿ ಸಿಗದು. ಆದ್ದರಿಂದ ಮೇಲಿನ ಉದಾಹರಣೆಯಲ್ಲಿ 20,000 ಡಾಲರಿನ ಪೈಕಿ 14,000ದ ಬದಲು 10,000ವನ್ನಷ್ಟೇ ಅಕ್ಷರಕ್ಕೆ ಲೆಕ್ಕ ಹಾಕಿ, 10,000ವನ್ನು ವಸತಿ ಊಟಕ್ಕೆ ಹಚ್ಚಿದರೆ, ವಿದ್ಯಾರ್ಥಿನಿಯ ಆದಾಯ 10,000 ಆದರೂ ಆಕೆಯ ಕಡಿತ 10,450 ಇರುವುದರಿಂದ ತೆರಿಗೆ ಸೊನ್ನೆಯೇ ಉಳಿಯುತ್ತದೆ, ಇತ್ತ ಕುಟುಂಬದ ಕೈಯಿಂದ ಹೋದ 4,000 ಡಾಲರ್ ಶುಲ್ಕವೆಂದು ಗಣನೆಗೆ ಬಂದು ಪೋಷಕರಿಗೆ 2,500 ಡಾಲರ್ ಉಳಿತಾಯವಾಗುತ್ತದೆ. ಇದು ಕಳ್ಳದಾರಿಯಲ್ಲ. ಶಿಕ್ಷಣದ ತೆರಿಗೆ ರಿಯಾಯಿತಿಗಳನ್ನು ವಿವರಿಸುವ, ತೆರಿಗೆ ಇಲಾಖೆಯ 970ನೆಯ ಪ್ರಕಟಣೆಯೇ ಈ ಆಯ್ಕೆಯನ್ನು ಉದಾಹರಣೆಗಳ ಸಮೇತ ತಿಳಿಸುತ್ತದೆ. ಆದರೆ ಎರಡು ಷರತ್ತುಗಳಿವೆ: ದಾನಿಯ ಪತ್ರವು ಹಣವನ್ನು ಬೋಧನಾ ಶುಲ್ಕಕ್ಕೇ ಕಟ್ಟಿಹಾಕಿರಬಾರದು, ಮತ್ತು ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಯ ಆದಾಯ 1,60,000 ಡಾಲರ್ ದಾಟಿದಂತೆ ರಿಯಾಯಿತಿ ಕರಗುತ್ತ 1,80,000ಕ್ಕೆ ಪೂರ್ತಿ ಮಾಯವಾಗುತ್ತದೆ. ಇಬ್ಬರೂ ದುಡಿಯುವ ಅನೇಕ ಕನ್ನಡ ಮನೆಗಳು ಈ ಎರಡನೆಯ ಗೆರೆಯ ಆಚೆ ಇರುತ್ತವೆ. ಈಚೆ ಇರುವವರಿಗೆ ಮಾತ್ರ ಇದು ವರ್ಷವರ್ಷವೂ ತಪ್ಪಿಹೋಗುವ ಹಣ.

ಕಾಲೇಜು ಕಳುಹಿಸುವ 1098-ಟಿ ನಮೂನೆಯ ಮೊದಲ ಚೌಕದಲ್ಲಿ ಶುಲ್ಕವೂ ಐದನೆಯದರಲ್ಲಿ ವಿದ್ಯಾರ್ಥಿವೇತನವೂ ಇರುತ್ತವೆ. ಐದನೆಯದು ಮೊದಲನೆಯದಕ್ಕಿಂತ ದೊಡ್ಡದಾದರೆ ವ್ಯತ್ಯಾಸವೆಲ್ಲ ಆದಾಯವೆಂದು ಕೆಲವರೂ, ನಮೂನೆ ಬಂದಿದೆ ಎಂದ ಮೇಲೆ ಎಲ್ಲ ಸರಿಯಿದೆ ಎಂದು ಮತ್ತೆ ಕೆಲವರೂ ತಿಳಿಯುತ್ತಾರೆ, ಎರಡೂ ತಪ್ಪು. ಹೊರಗಿನ ಅಂಗಡಿಯಲ್ಲಿ ಕೊಂಡ ಕಡ್ಡಾಯ ಪುಸ್ತಕಗಳು ಆ ನಮೂನೆಯಲ್ಲಿ ಇರುವುದೇ ಇಲ್ಲ. ಅಲ್ಲದೆ ತೆರಿಗೆಯ ವರ್ಷ ಜನವರಿಯಿಂದ, ಓದಿನ ವರ್ಷ ಆಗಸ್ಟಿನಿಂದ ಓಡುವುದರಿಂದ, ಡಿಸೆಂಬರಿನಲ್ಲಿ ಕಟ್ಟಿದ ಶುಲ್ಕ ಒಂದು ವರ್ಷಕ್ಕೂ ಜನವರಿಯಲ್ಲಿ ಜಮೆಯಾದ ವಿದ್ಯಾರ್ಥಿವೇತನ ಇನ್ನೊಂದಕ್ಕೂ ಸೇರಿ ಚೌಕಗಳು ವಿನಾಕಾರಣ ಓರೆಯಾಗುತ್ತವೆ. ರಸೀದಿಗಳ ಲಕೋಟೆಯೊಂದನ್ನು ಕಾಪಾಡಿಕೊಳ್ಳುವುದಕ್ಕಿಂತ ಹೆಚ್ಚಿನ ವಿದ್ಯೆ ಇದಕ್ಕೆ ಬೇಕಿಲ್ಲ.

ತೆರಿಗೆಯಿಂದ ನೆರವಿನ ಅರ್ಜಿಗೆ ಬಂದರೆ, ಮೊದಲು ಹೋಗಲಾಡಿಸಬೇಕಾದ್ದು ಒಂದು ಭಯವನ್ನು. ಫೆಡರಲ್ ನೆರವಿಗೆ ಸಲ್ಲಿಸುವ, ‘ಫಾಫ್ಸಾ’ ಎಂದು ಎಲ್ಲರೂ ಕರೆಯುವ ಉಚಿತ ಅರ್ಜಿಯು ಕುಟುಂಬದ ಎರಡು ವರ್ಷ ಹಿಂದಿನ ಆದಾಯವನ್ನು ನೋಡಿ ನೆರವಿನ ಸೂಚ್ಯಂಕವೊಂದನ್ನು ಲೆಕ್ಕ ಹಾಕುತ್ತದೆ. 2024-25ರ ಸಾಲಿನಿಂದ ಬಂದಿರುವ ಈ ಸೂಚ್ಯಂಕ, ಅದಕ್ಕೆ ಮುಂಚಿನ ‘ಕುಟುಂಬದ ನಿರೀಕ್ಷಿತ ಕೊಡುಗೆ’ಯ ಸ್ಥಾನದಲ್ಲಿ ಕುಳಿತಿದ್ದು, ತೀರ ಕಡಿಮೆ ಆದಾಯದವರಿಗೆ ಸೊನ್ನೆಗಿಂತ 1,500ರಷ್ಟು ಕೆಳಗೂ ಇಳಿಯಬಲ್ಲದು. ಊಟದ ಹಣವನ್ನು ಆದಾಯವೆಂದು ತೋರಿಸಿದರೆ ಸೂಚ್ಯಂಕ ಏರಿ ನೆರವು ಕುಸಿಯುತ್ತದೆ ಎಂದು ಹೆದರಿ ಹಲವರು ಅದನ್ನು ತೋರಿಸುವುದನ್ನೇ ಬಿಡುತ್ತಾರೆ. ವಾಸ್ತವವಾಗಿ ತೆರಿಗೆ ಇಲಾಖೆಗೆ ಆದಾಯವೆಂದು ತೋರಿಸಿದ ವಿದ್ಯಾರ್ಥಿವೇತನದ ಮೊತ್ತವನ್ನು ನಮೂದಿಸಲು ಫಾಫ್ಸಾದಲ್ಲಿ ಪ್ರತ್ಯೇಕ ಪ್ರಶ್ನೆಯಿದ್ದು, ಅಲ್ಲಿ ಬರೆದದ್ದನ್ನು ಸೂಚ್ಯಂಕದ ಲೆಕ್ಕದಲ್ಲಿ ಆದಾಯದಿಂದ ಕಳೆಯಲಾಗುತ್ತದೆ. ಆ ಪ್ರಶ್ನೆಯನ್ನು ಖಾಲಿ ಬಿಟ್ಟ ಪ್ರಾಮಾಣಿಕನೇ ನಷ್ಟಕ್ಕೆ ಗುರಿಯಾಗುವುದು.

ಬ್ಯಾಂಕಿನಲ್ಲಿ ಕೂಡಿಟ್ಟ ಉಳಿಕೆಯದು ಇದಕ್ಕೆ ಹತ್ತಿರದ ಪ್ರಶ್ನೆ. ವಿದ್ಯಾರ್ಥಿಯ ಹೆಸರಿನಲ್ಲಿರುವ ಆಸ್ತಿಯ ಶೇ. 20ರಷ್ಟನ್ನು ಸೂತ್ರವು ಓದಿಗೆ ಲಭ್ಯವೆಂದು ಎಣಿಸುತ್ತದೆ, ಪೋಷಕರ ಹೆಸರಿನದಾದರೆ ಹೆಚ್ಚೆಂದರೆ ಶೇ. 5.64ರಷ್ಟನ್ನು. ಖಾತೆಯಲ್ಲಿರುವ ನಗದನ್ನು ಕೇಳುವಲ್ಲಿ ವಿದ್ಯಾರ್ಥಿ ನೆರವಿನ ಹಣವನ್ನು ಸೇರಿಸಬಾರದು ಎಂದು ಅರ್ಜಿಯೇ ಹೇಳುತ್ತದೆ. ಆದರೆ ಬೇಸಗೆಯ ಸಂಬಳ, ಅಜ್ಜಿ ಕೊಟ್ಟ ಹುಟ್ಟುಹಬ್ಬದ ಹಣ ಮತ್ತು ರೀಫಂಡ್ ಒಂದೇ ಖಾತೆಯಲ್ಲಿ ಕಲಸಿಹೋಗಿದ್ದರೆ ಯಾವ ಡಾಲರು ಯಾವುದೆಂದು ತೋರಿಸುವುದು ಕಷ್ಟ. ಪ್ರತ್ಯೇಕ ಖಾತೆಯೊಂದರಿಂದ ಈ ತೊಡಕು ನೀಗುತ್ತದೆ. ಖಾಸಗಿ ಕಾಲೇಜುಗಳು ಅನೇಕವು ಕೇಳುವ ‘ಸಿಎಸ್‌ಎಸ್ ಪ್ರೊಫೈಲ್’ ಅರ್ಜಿಯ ಸೂತ್ರ ಬೇರೆ, ಕಾಲೇಜಿನಿಂದ ಕಾಲೇಜಿಗೆ ಅದರ ಬಳಕೆಯೂ ಬೇರೆ.

ಆದರೆ ಈ ಪತ್ರ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಮೂರನೆಯ ಕಡತದ ಮುಂದೆ, ಏಕೆಂದರೆ ಉಳಿಕೆ ಎಂದು ಕುಟುಂಬ ಎಣಿಸಿದ್ದು ಉಳಿಯದೇ ಹೋಗುವುದು ಹೆಚ್ಚಾಗಿ ಅಲ್ಲಿ. ಪ್ರತಿ ಕಾಲೇಜೂ ಶುಲ್ಕ, ಪುಸ್ತಕ, ವಸತಿ, ಊಟ, ಪ್ರಯಾಣ, ಸಣ್ಣಪುಟ್ಟ ಖರ್ಚುಗಳನ್ನೆಲ್ಲ ಸೇರಿಸಿ ‘ಕಾಸ್ಟ್ ಆಫ್ ಅಟೆಂಡೆನ್ಸ್’ ಎಂಬ ಓದಿನ ಒಟ್ಟು ವೆಚ್ಚವನ್ನು ಘೋಷಿಸುತ್ತದೆ. ಅದರಿಂದ ಸೂಚ್ಯಂಕವನ್ನು ಕಳೆದರೆ ಸಿಗುವುದು ವಿದ್ಯಾರ್ಥಿಯ ‘ಅಗತ್ಯ’. ಹೊರಗಿನ ದಾನಿಗಳ ಹಣವೂ ಸೇರಿದಂತೆ ಒಟ್ಟು ನೆರವು ಈ ಮಿತಿಯನ್ನು ದಾಟಿದಾಗ ಪೆಲ್ ಬಿಟ್ಟು ಉಳಿದ ಅಗತ್ಯಾಧಾರಿತ ಫೆಡರಲ್ ನೆರವನ್ನು ಕಾಲೇಜು ಇಳಿಸಲೇಬೇಕು. ಇಷ್ಟಾದರೆ ನ್ಯಾಯವೇ ಸರಿ. ವೆಚ್ಚಕ್ಕಿಂತ ಹೆಚ್ಚಿನ ಹಣವನ್ನು ಸಾರ್ವಜನಿಕ ಬೊಕ್ಕಸ ಕೊಡಬೇಕೆಂದು ಯಾರೂ ವಾದಿಸಲಾರರು. ಆದರೆ ಎಷ್ಟೋ ಕಾಲೇಜುಗಳು ಫೆಡರಲ್ ಕಾನೂನು ಕೇಳದಿದ್ದರೂ, ವಿದ್ಯಾರ್ಥಿಗೆ ಇನ್ನೂ ಭರ್ತಿಯಾಗದ ಅಗತ್ಯ ಉಳಿದಿರುವಾಗಲೂ, ಹೊರಗಿನಿಂದ 3,000 ಡಾಲರ್ ಬಂತೆಂದು ತಿಳಿದೊಡನೆ ತಮ್ಮದೇ ಅನುದಾನದಲ್ಲಿ 3,000 ಡಾಲರನ್ನು ಕಡಿತಗೊಳಿಸುತ್ತವೆ. ಇದಕ್ಕೆ ‘ಸ್ಕಾಲರ್‌ಶಿಪ್ ಡಿಸ್‌ಪ್ಲೇಸ್‌ಮೆಂಟ್’ ಎಂದು ಹೆಸರು, ಅಂದರೆ ಬಂದ ವಿದ್ಯಾರ್ಥಿವೇತನವು ಇದ್ದ ನೆರವನ್ನು ಹೊರದೂಡುವುದು. ಪ್ರಬಂಧ ಬರೆದು, ಸಂದರ್ಶನಕ್ಕೆ ಕುಳಿತು, ಶಿಫಾರಸು ಪತ್ರಗಳಿಗಾಗಿ ಅಲೆದು ಗೆದ್ದ ವಿದ್ಯಾರ್ಥಿನಿಯ ಸ್ಥಿತಿ ಗೆಲ್ಲುವ ಮೊದಲಿನಂತೆಯೇ ಇರುತ್ತದೆ. ದಾನಿ ವಿದ್ಯಾರ್ಥಿನಿಗೆಂದು ಬರೆದ ಚೆಕ್ಕು ಪರೋಕ್ಷವಾಗಿ ಕಾಲೇಜಿಗೆ ಬರೆದ ಚೆಕ್ಕಾಗುತ್ತದೆ. ಒಬ್ಬಳಿಂದ ಉಳಿಸಿದ್ದನ್ನು ಇನ್ನೊಬ್ಬ ಅಗತ್ಯವಂತನಿಗೆ ಕೊಡುತ್ತೇವೆ ಎಂಬ ಕಾಲೇಜುಗಳ ಸಮರ್ಥನೆಯಲ್ಲಿ ಒಂದಿಷ್ಟು ಸತ್ಯವಿರಬಹುದು, ಆದರೆ ಆ ಔದಾರ್ಯದ ಖರ್ಚನ್ನು ಭರಿಸುವವರು ಯಾರೆಂಬುದನ್ನು ಅದು ಮರೆಸುತ್ತದೆ. ಈ ಪದ್ಧತಿ ಸಮರ್ಥನೀಯವಲ್ಲ ಎಂಬುದೇ ಈ ಪತ್ರದ ನಿಲುವು.

ಕೆಲವು ರಾಜ್ಯಗಳು ಇದೇ ನಿಲುವಿಗೆ ಬಂದಿವೆ. ಸಾರ್ವಜನಿಕ ಕಾಲೇಜುಗಳಲ್ಲಿ ಈ ಹೊರದೂಡುವಿಕೆಯನ್ನು ಮೊದಲು ನಿರ್ಬಂಧಿಸಿದ್ದು ಮೇರಿಲ್ಯಾಂಡ್, 2017ರಲ್ಲಿ. ಬಳಿಕ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವಾಷಿಂಗ್ಟನ್ ರಾಜ್ಯಗಳೂ ಕಾನೂನು ತಂದವು. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಸಹಿ ಬಿದ್ದು 2023-24ರ ಸಾಲಿನಿಂದ ಜಾರಿಗೆ ಬಂದ ಕಾನೂನು ಪೆಲ್ ಅನುದಾನಕ್ಕೆ ಅಥವಾ ದಾಖಲೆಯಿಲ್ಲದ ವಲಸಿಗ ವಿದ್ಯಾರ್ಥಿಗಳಿಗಿರುವ ರಾಜ್ಯದ ಡ್ರೀಮ್ ಆಕ್ಟ್ ನೆರವಿಗೆ ಅರ್ಹರಾದವರನ್ನು ರಕ್ಷಿಸುತ್ತದೆ, ಎಲ್ಲರನ್ನೂ ಅಲ್ಲ. ಇಲ್ಲಿ ಗಣನೆಗೆ ಬರುವುದು ಮನೆ ಇರುವ ರಾಜ್ಯವಲ್ಲ, ಕಾಲೇಜು ಇರುವ ರಾಜ್ಯ ಎಂಬುದನ್ನು ನ್ಯೂಜೆರ್ಸಿಯಲ್ಲಿ ವಾಸವಿದ್ದು ಮಕ್ಕಳನ್ನು ಬೇರೆ ಕಡೆ ಕಳುಹಿಸುವವರು ಗಮನಿಸಬೇಕು. ಕಾನೂನಿಲ್ಲದ ಕಡೆಗಳಲ್ಲೂ ಕಾಲೇಜುಗಳ ನೀತಿ ಒಂದೇ ತೆರನಾಗಿಲ್ಲ: ಕೆಲವು ಮೊದಲು ಸಾಲವನ್ನೂ ಕ್ಯಾಂಪಸ್ ಕೆಲಸದ ಪಾಲನ್ನೂ ಇಳಿಸಿ, ಅವು ಮುಗಿದ ಮೇಲಷ್ಟೇ ಅನುದಾನಕ್ಕೆ ಕೈ ಹಾಕುತ್ತವೆ, ಮತ್ತೆ ಕೆಲವು ಅನುದಾನದಿಂದಲೇ ಶುರು ಮಾಡುತ್ತವೆ. ಸೀಟು ಒಪ್ಪಿಕೊಳ್ಳುವ ಮುನ್ನ, ಎಂದರೆ ಕಾಲೇಜಿಗೆ ವಿದ್ಯಾರ್ಥಿಯ ಅಗತ್ಯ ಇನ್ನೂ ಇರುವಾಗ, ‘ಹೊರಗಿನ ವಿದ್ಯಾರ್ಥಿವೇತನ ಬಂದರೆ ಮೊದಲು ಏನನ್ನು ಇಳಿಸಲಾಗುತ್ತದೆ’ ಎಂದು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯುವುದು ಪೋಷಕರ ಕೈಯಲ್ಲಿರುವ ಬಲವಾದ ಸಾಧನ. ಇಳಿಕೆ ಆಗಿಯೇ ಹೋಗಿದ್ದರೂ, ಕಂಪ್ಯೂಟರ್ ಖರೀದಿ ಅಥವಾ ವೈದ್ಯಕೀಯ ಅಗತ್ಯದಂಥ ವಿಶೇಷ ಖರ್ಚುಗಳ ದಾಖಲೆ ತೋರಿಸಿದರೆ ಓದಿನ ಒಟ್ಟು ವೆಚ್ಚವನ್ನು ಆ ವಿದ್ಯಾರ್ಥಿಯ ಮಟ್ಟಿಗೆ ಏರಿಸುವ ವಿವೇಚನಾಧಿಕಾರ ನೆರವಿನ ಕಚೇರಿಗೆ ಇದೆ. ವೆಚ್ಚ ಏರಿದರೆ ಮಿತಿ ಏರುತ್ತದೆ, ಮಿತಿ ಏರಿದರೆ ಹಣಕ್ಕೆ ಜಾಗ ಸಿಗುತ್ತದೆ. ಹೊರಗಿನ ವಿದ್ಯಾರ್ಥಿವೇತನವನ್ನು ಕಾಲೇಜಿಗೆ ತಿಳಿಸದೆ ಮುಚ್ಚಿಡುವುದು ಮಾತ್ರ ದಾರಿಯಲ್ಲ. ಹಾಗೆ ಪಡೆದ ನೆರವನ್ನು ಮರಳಿ ಕೊಡಬೇಕಾಗುತ್ತದೆ.

ಪೆಲ್ ಅನುದಾನದ ವಿಷಯದಲ್ಲಿ ಹೊಸ ಗೆರೆಯೊಂದು ಬಂದಿದೆ. ಗರಿಷ್ಠ 7,395 ಡಾಲರಿನ ಈ ಅನುದಾನವನ್ನು ಬೇರೆ ವಿದ್ಯಾರ್ಥಿವೇತನಗಳ ಕಾರಣಕ್ಕೆ ಇಳಿಸುವ ಪದ್ಧತಿ ಇರಲಿಲ್ಲ, ಹಾಗಾಗಿ ಪೂರ್ಣ ವಿದ್ಯಾರ್ಥಿವೇತನ ಗೆದ್ದ ಬಡ ವಿದ್ಯಾರ್ಥಿಗೆ ನಿಜಾರ್ಥದಲ್ಲಿ ಉಳಿಯುವ ಹಣವೆಂದರೆ ಪೆಲ್ ಆಗಿತ್ತು. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯ ಪ್ರಕಾರ, 2026ರ ಜುಲೈ 1ರಿಂದ, ರಾಜ್ಯ, ಕಾಲೇಜು ಮತ್ತು ಖಾಸಗಿ ಮೂಲಗಳ ಅನುದಾನಗಳೇ ಓದಿನ ಒಟ್ಟು ವೆಚ್ಚದಷ್ಟು ಅಥವಾ ಅದಕ್ಕಿಂತ ಹೆಚ್ಚಾದ ವಿದ್ಯಾರ್ಥಿಗೆ ಪೆಲ್ ಸಿಗುವುದಿಲ್ಲ. ವೆಚ್ಚದ ಅಂಚಿನಲ್ಲಿರುವ ವಿದ್ಯಾರ್ಥಿಗೆ ಕೊನೆಯ 500 ಡಾಲರಿನ ಖಾಸಗಿ ಬಹುಮಾನವೊಂದು ಸಾವಿರಾರು ಡಾಲರಿನ ಅನುದಾನವನ್ನೇ ತಪ್ಪಿಸಬಹುದಾದ ಪರಿಸ್ಥಿತಿ ಇದರಿಂದ ಹುಟ್ಟುತ್ತದೆ.

ಇಷ್ಟೆಲ್ಲ ದಾಟಿ ಕೈಗೆ ಬಂದ ರೀಫಂಡಿನ ವಿನಿಯೋಗದ ಬಗ್ಗೆ ಹೇಳಬೇಕಾದ್ದು ಕಡಿಮೆ. ಫೆಡರಲ್ ನೆರವಿನಿಂದ ಉಂಟಾದ ಹೆಚ್ಚುವರಿಯನ್ನು ಕಾಲೇಜು 14 ದಿನಗಳೊಳಗೆ ವಿದ್ಯಾರ್ಥಿಗೆ ಕೊಡಬೇಕು. ತರಗತಿ ಆರಂಭಕ್ಕೆ ಮುಂಚೆಯೇ ಹೆಚ್ಚುವರಿ ಉಂಟಾಗಿದ್ದರೆ ಆ ದಿನಗಳ ಎಣಿಕೆ ತರಗತಿಯ ಮೊದಲ ದಿನದಿಂದ. ಫಾಫ್ಸಾಕ್ಕೆ ಸಹಿ ಹಾಕುವಾಗಲೇ ವಿದ್ಯಾರ್ಥಿಯು ನೆರವನ್ನು ಶೈಕ್ಷಣಿಕ ವೆಚ್ಚಕ್ಕೆ ಮಾತ್ರ ಬಳಸುವುದಾಗಿ ಒಪ್ಪಿರುವುದರಿಂದ, ಬಾಡಿಗೆ, ದಿನಸಿ, ಬಸ್ ಪಾಸುಗಳಿಗೆ ಅಡ್ಡಿಯಿಲ್ಲ, ಶೇರುಪೇಟೆಗೆ ಇದೆ. ಆ ಹೆಚ್ಚುವರಿಯಲ್ಲಿ ಸಾಲದ ಪಾಲಿದ್ದರೆ ಅದನ್ನು ಹಿಂದಿರುಗಿಸುವುದಕ್ಕಿಂತ ಮೇಲಾದ ಉಪಯೋಗವಿಲ್ಲ: ಫೆಡರಲ್ ಸಾಲವನ್ನು ಬಟವಾಡೆಯಾದ 120 ದಿನಗಳೊಳಗೆ ಮರಳಿಸಿದರೆ ಆ ಭಾಗದ ಬಡ್ಡಿಯೂ ಶುಲ್ಕವೂ ರದ್ದಾಗುತ್ತವೆ, ಮತ್ತು 2025-26ರಲ್ಲಿ ಪದವಿ ವಿದ್ಯಾರ್ಥಿಗಳ ಸಾಲಕ್ಕೆ ಬಡ್ಡಿ ಶೇ. 6.39 ಇರುವಾಗ ಅಷ್ಟು ಖಚಿತ ಲಾಭ ಕೊಡುವ ಠೇವಣಿ ಸುಲಭಕ್ಕೆ ಸಿಗದು. ಇದಕ್ಕೆ ವ್ಯತಿರಿಕ್ತವಾಗಿ, ಸೆಮಿಸ್ಟರಿನ ಶೇ. 60 ಭಾಗ ಮುಗಿಯುವ ಮೊದಲೇ ಓದು ಬಿಟ್ಟವರು, ಕಳೆದ ದಿನಗಳ ಅನುಪಾತಕ್ಕೆ ತಕ್ಕಷ್ಟು ಫೆಡರಲ್ ನೆರವನ್ನು ಮಾತ್ರ ‘ಗಳಿಸಿದ್ದಾರೆ’ ಎಂದು ಪರಿಗಣಿಸಲಾಗುವುದರಿಂದ, ಆಗಲೇ ಖರ್ಚಾದ ರೀಫಂಡ್ ಬಾಕಿಯಾಗಿ ತಿರುಗಬಹುದು. ಅನಾರೋಗ್ಯದಿಂದಲೋ ಮನೆಯ ತಾಪತ್ರಯದಿಂದಲೋ ಸೆಮಿಸ್ಟರ್ ಕೈಬಿಡುವ ಯೋಚನೆಯಲ್ಲಿರುವ ಮಕ್ಕಳಿಗೆ ಈ ಒಂದು ದಿನಾಂಕ ತಿಳಿದಿರಬೇಕು.

ಎಚ್-4 ವೀಸಾದಲ್ಲಿ ಬೆಳೆದು, ಪೋಷಕರ ಗ್ರೀನ್ ಕಾರ್ಡ್ ಸರದಿ ಇನ್ನೂ ಬಾರದ ಮಕ್ಕಳಿಗೆ ಫೆಡರಲ್ ನೆರವೇ ಇಲ್ಲ. ಅವರಿಗೆ ಫಾಫ್ಸಾದ ಮಿತಿಗಳು ಅನ್ವಯಿಸದಿದ್ದರೂ ಕಾಲೇಜಿನ ಸ್ವಂತ ಅನುದಾನದ ನೀತಿಯೂ 117ನೆಯ ಕಲಮೂ ಅನ್ವಯಿಸುತ್ತವೆ. ಕರ್ನಾಟಕದಿಂದ ಎಫ್-1 ವೀಸಾದಲ್ಲಿ ಬಂದು ಅನಿವಾಸಿ ತೆರಿಗೆದಾರರಾಗಿರುವ ವಿದ್ಯಾರ್ಥಿಗಳ ಊಟ ವಸತಿಯ ವಿದ್ಯಾರ್ಥಿವೇತನದಿಂದ ಕಾಲೇಜು ಶೇ. 14ರಷ್ಟನ್ನು ಮೂಲದಲ್ಲೇ ಮುರಿದುಕೊಳ್ಳುತ್ತದೆ. ಆದರೆ ಭಾರತ ಮತ್ತು ಅಮೆರಿಕಗಳ ತೆರಿಗೆ ಒಪ್ಪಂದದ 21ನೆಯ ವಿಧಿಯು, ಇತರ ಅನಿವಾಸಿಗಳಿಗೆ ಸಾಮಾನ್ಯವಾಗಿ ಇಲ್ಲದ ಪ್ರಮಾಣಿತ ಕಡಿತವನ್ನು ಭಾರತದ ವಿದ್ಯಾರ್ಥಿಗಳಿಗೆ ಕೊಟ್ಟಿದೆ. ವರ್ಷಾಂತ್ಯದ ತೆರಿಗೆ ರಿಟರ್ನಿನಲ್ಲಿ ಅದನ್ನು ಕೇಳಿ ಪಡೆದರೆ ಮುರಿದದ್ದರಲ್ಲಿ ಬಹುಪಾಲು ಮರಳಿ ಬರಬಹುದು. ರೀಫಂಡ್ ಎಂಬ ಪದ ಅಕ್ಷರಶಃ ಸಲ್ಲುವುದು ಈ ಒಂದು ಸಂದರ್ಭಕ್ಕೆ.

ಮಗಳು ಹುಟ್ಟಿದಾಗಲೇ ‘529’ ಎಂಬ ಕಾಲೇಜು ಉಳಿತಾಯ ಯೋಜನೆಯಲ್ಲಿ ಹಣ ತೊಡಗಿಸಿ, ಆಕೆಗೆ ವಿದ್ಯಾರ್ಥಿವೇತನ ಬಂದ ಮೇಲೆ ಆ ಉಳಿತಾಯವೇ ಉಳಿಕೆಯಾದ ಪೋಷಕರು, ತೆರಿಗೆರಹಿತ ವಿದ್ಯಾರ್ಥಿವೇತನದಷ್ಟು ಮೊತ್ತವನ್ನು ಶೇ. 10ರ ದಂಡವಿಲ್ಲದೆ, ಗಳಿಕೆಯ ಭಾಗಕ್ಕೆ ಮಾತ್ರ ತೆರಿಗೆ ಕಟ್ಟಿ ಹಿಂತೆಗೆಯಬಹುದು, ಫಲಾನುಭವಿಯನ್ನು ತಮ್ಮನಿಗೋ ತಂಗಿಗೋ ಬದಲಿಸಬಹುದು. ಖಾತೆಗೆ 15 ವರ್ಷ ತುಂಬಿದ್ದರೆ, 2024ರಿಂದ ಜಾರಿಯಲ್ಲಿರುವ ನಿಯಮದಂತೆ, ವಾರ್ಷಿಕ ಮಿತಿಗೆ ಒಳಪಟ್ಟು ಜೀವಮಾನದಲ್ಲಿ 35,000 ಡಾಲರಿನವರೆಗೆ ಮಗಳದೇ ರಾತ್ ನಿವೃತ್ತಿ ಖಾತೆಗೆ ವರ್ಗಾಯಿಸಬಹುದು.

ಕೊನೆಯದಾಗಿ, ವಿದ್ಯಾರ್ಥಿವೇತನ ಕೊಡುವ ಕೂಟಗಳ ಸಮಿತಿಗಳಿಗೆ ಒಂದು ಕೋರಿಕೆ. ದಾನದ ಹಣ ಪೋಲಾಗಬಾರದೆಂಬ ಸದುದ್ದೇಶದಿಂದ ದಾನಪತ್ರದಲ್ಲಿ ‘ಬೋಧನಾ ಶುಲ್ಕಕ್ಕೆ ಮಾತ್ರ’ ಎಂದು ಬರೆಯುವುದು ರೂಢಿ. ಮೇಲಿನ ಲೆಕ್ಕದಲ್ಲಿ ಕುಟುಂಬಕ್ಕೆ 2,500 ಡಾಲರ್ ಉಳಿಸಿಕೊಟ್ಟ ಆಯ್ಕೆಯನ್ನು ಮುಚ್ಚಿಹಾಕಬಲ್ಲದ್ದು ಈ ಮೂರು ಪದಗಳೇ, ಏಕೆಂದರೆ ಅಕ್ಷರಕ್ಕೆ ಕಟ್ಟಿಹಾಕಿದ ಹಣವನ್ನು ಅನ್ನಕ್ಕೆ ಹಚ್ಚಲು ಬರುವುದಿಲ್ಲ. ಅದರ ಬದಲು ‘ಓದಿನ ಒಟ್ಟು ವೆಚ್ಚದ ಯಾವುದೇ ಭಾಗಕ್ಕೆ ಬಳಸಬಹುದು’ ಎಂದೂ, ‘ಈ ಹಣದಿಂದ ವಿದ್ಯಾರ್ಥಿಯ ಬೇರೆ ಅನುದಾನ ಇಳಿಯುವುದಾದರೆ ಮುಂದಿನ ಸೆಮಿಸ್ಟರಿಗೆ ಅಥವಾ ಮುಂದಿನ ವರ್ಷಕ್ಕೆ ಮುಂದೂಡಬಹುದು’ ಎಂದೂ ಎರಡು ವಾಕ್ಯಗಳನ್ನು ಬರೆದು, ಕಾಲೇಜಿಗೆ ಕಳುಹಿಸುವ ಚೆಕ್ಕಿನ ಜೊತೆ ಆ ಪತ್ರದ ಪ್ರತಿಯನ್ನೂ ಇಡುವುದು ಒಳ್ಳೆಯದು. ಹೊಸ ಸಾಲಿನ ಫಾಫ್ಸಾ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಚೆಕ್ಕು ಹಂಚುವ ಸಮಿತಿಗಳು ಅದಕ್ಕೂ ಮುಂಚಿನ ಸಭೆಯಲ್ಲೇ ಈ ತಿದ್ದುಪಡಿ ಮಾಡಿಕೊಂಡರೆ ಆ ವರ್ಷದ ಮಕ್ಕಳಿಗೇ ಅದು ದಕ್ಕುತ್ತದೆ.